ತೊಟ್ಟು ಕಳಚದ ಗುಳ್ಳೆ

ತೂಕವೇ ಇಲ್ಲದ ಕಡೆ ಗುಳ್ಳೆ ತಾನಾಗಿ ಬಿಡಿಸಿಕೊಂಡು ಮೇಲೇರುವುದಿಲ್ಲ. ಅಲ್ಲಿ ಸಣ್ಣ ಸಣ್ಣ, ಒಂದೇ ಅಳತೆಯ ಗುಳ್ಳೆಗಳನ್ನು ಹುಟ್ಟಿಸುವುದು ಹೇಗೆ? ಬಾಹ್ಯಾಕಾಶದ ಈ ಪ್ರಶ್ನೆಯ ಎಳೆ ಹಿಡಿದು ಹೊರಟರೆ ತಿಪಟೂರಿನ ತೆಂಗಿನ ತೋಟ ಸಿಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ತೋಟಕ್ಕಾದರೂ ಕಾಯಿ ಕೆಡವುವ ದಿನ ಹೋಗಿ ನಿಲ್ಲಿ. ಮರದ ತುದಿಯಿಂದ ‘ಸರ್ಕೊಳ್ರಣ್ಣೋ’ ಎಂಬ ಕೂಗು ಬರುತ್ತದೆ. ಗೊನೆಯ ಬುಡಕ್ಕೆ ಮಚ್ಚಿನ ಏಟು ಬಿದ್ದ ಸದ್ದು, ಆಮೇಲೆ ಒಂದು ಚಿಕ್ಕ ಮೌನ, ಕೊನೆಗೆ ಕಾಲಡಿಯ ಮಣ್ಣು ಅದುರುವಂಥ ‘ಧಡ್’. ನಡುವಿನ ಆ ಮೌನ ಎಷ್ಟು ಉದ್ದದ್ದು? ಮರ 15 ಮೀಟರ್ ಎತ್ತರವಿದ್ದರೆ ಒಂದೂಮುಕ್ಕಾಲು ಸೆಕೆಂಡ್. 20 ಮೀಟರ್ ಇದ್ದರೆ ಎರಡು ಸೆಕೆಂಡ್.

ಆ ಎರಡು ಸೆಕೆಂಡ್‌ಗಳಲ್ಲಿ ಕಾಯಿಯ ಒಳಗೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಎಳನೀರಿನ ಬುರುಡೆಯನ್ನು ಅಲ್ಲಾಡಿಸಿದರೆ ಸದ್ದು ಬಾರದು. ಅದರ ತುಂಬ ನೀರು. ಕಾಯಿ ಬಲಿತಂತೆ ನೀರು ತಗ್ಗುತ್ತದೆ, ಆ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಬಲಿತ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಕೇಳುವ ಗುಳುಗುಳು, ನೀರೂ ಗಾಳಿಯೂ ಜಾಗ ಬದಲಾಯಿಸಿಕೊಳ್ಳುವ ಸದ್ದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುವ ಹೊತ್ತಿಗೆ ಒಳಗೆ ಉಳಿಯುವುದು ಗಾಳಿಯೊಂದೇ. ಅಲ್ಲಿಯವರೆಗೆ ಪ್ರತಿ ಬಲಿತ ಕಾಯಿಯೂ ನೀರೊಳಗೆ ಒಂದು ದೊಡ್ಡ ಗುಳ್ಳೆ ಇಟ್ಟುಕೊಂಡ ಪಾತ್ರೆ.

ಮರದಲ್ಲಿ ತೂಗುವಾಗ ಆ ಗುಳ್ಳೆ ಕಾಯಿಯ ಮೇಲ್ಭಾಗದಲ್ಲಿರುತ್ತದೆ. ತೊಟ್ಟು ಕಳಚಿ ಕಾಯಿ ಬೀಳತೊಡಗಿದ ಕ್ಷಣದಿಂದ ಅದಕ್ಕೆ ಮೇಲು ಯಾವುದು, ಕೆಳಗು ಯಾವುದು ಎಂಬ ಲೆಕ್ಕ ತಪ್ಪುತ್ತದೆ. ನೀರು ಕೆಳಕ್ಕೆ ಒತ್ತುವುದನ್ನು ನಿಲ್ಲಿಸುತ್ತದೆ, ತಿರುಳಿನ ಒದ್ದೆ ಮೈಯನ್ನು ಹಿಡಿದು ಸುತ್ತಲೂ ಹರಡಲು ಹೊರಡುತ್ತದೆ. ಗುಳ್ಳೆ ದುಂಡಗಾಗಲು ತೊಡಗುತ್ತದೆ. ಆ ಕೆಲಸ ಮುಗಿಯುವ ಮೊದಲೇ ನೆಲ ಬಂದುಬಿಡುತ್ತದೆ.

ಬೀಳುವಷ್ಟು ಹೊತ್ತು ಕಾಯಿಯೊಳಗಿರುವ ಈ ಸ್ಥಿತಿಯನ್ನೇ ವಿಜ್ಞಾನಿಗಳು ತೂಕರಹಿತ ಸ್ಥಿತಿ ಎನ್ನುತ್ತಾರೆ.

ಬೀಳುವುದೆಂದರೆ ತೂಕ ಕಳೆದುಕೊಳ್ಳುವುದು

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಯೂ ಭೂಮಿಯ ಸೆಳೆತ ಇಲ್ಲಿನದರ ಸುಮಾರು ನೂರಕ್ಕೆ 89ರಷ್ಟು ಇದ್ದೇ ಇದೆ. ಆದರೆ ನಿಲ್ದಾಣ, ಅದರೊಳಗಿನ ಜನ, ಅವರು ಕುಡಿಯುವ ನೀರು, ನೀರಿನೊಳಗಿನ ಗುಳ್ಳೆ ಎಲ್ಲವೂ ಒಟ್ಟಿಗೆ ಬೀಳುತ್ತಿವೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಓಡುತ್ತಿರುವುದರಿಂದ ಅವು ಬೀಳುತ್ತಾ ಬೀಳುತ್ತಾ ಭೂಮಿಯನ್ನು ಸುತ್ತುತ್ತವೆ, ನೆಲ ಮುಟ್ಟುವುದಿಲ್ಲ. ತೆಂಗಿನಕಾಯಿಗೆ ಎರಡು ಸೆಕೆಂಡ್ ಸಿಗುವ ಸ್ಥಿತಿ ನಿಲ್ದಾಣಕ್ಕೆ ವರ್ಷಗಟ್ಟಲೆ ಸಿಕ್ಕಿದೆ, ಅಷ್ಟೆ.

ನಂಬಿಕೆ ಬಾರದಿದ್ದರೆ ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಒಂದು ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಮೇಲಿನಿಂದ ಕೈಬಿಡಿ. ಕೈಯಲ್ಲಿದ್ದಾಗ ಚಿಮ್ಮುತ್ತಿದ್ದ ನೀರು ಬೀಳುವಷ್ಟು ಹೊತ್ತೂ ನಿಂತಿರುತ್ತದೆ. ನೀರನ್ನು ತೂತಿನಿಂದ ಹೊರಕ್ಕೆ ನೂಕುತ್ತಿದ್ದದ್ದು ಅದರ ತೂಕ. ಬೀಳುವಾಗ ಆ ತೂಕ ಯಾವುದರ ಮೇಲೂ ಕೂರುವುದಿಲ್ಲ.

ಈ ಸರಳ ಸತ್ಯದ ಮೇಲೆ ದೊಡ್ಡ ದೊಡ್ಡ ಪ್ರಯೋಗಾಲಯಗಳೇ ನಿಂತಿವೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನಾಸಾದ ಒಂದು ಗೋಪುರವಿದೆ. ಅದರಲ್ಲಿ ಪ್ರಯೋಗದ ಪೆಟ್ಟಿಗೆ ಬೀಳುವ ದೂರ ಸುಮಾರು 24 ಮೀಟರ್, ಸಿಗುವ ಸಮಯ 2.2 ಸೆಕೆಂಡ್. ನಮ್ಮ ಎತ್ತರದ ತೆಂಗಿನ ಮರಕ್ಕಿಂತ ಅದು ಹೆಚ್ಚೇನೂ ದೊಡ್ಡದಲ್ಲ. ಚೆನ್ನೈನ ಐಐಟಿ ಮದ್ರಾಸ್‌ನಲ್ಲಿ 2.5 ಸೆಕೆಂಡ್ ಕೊಡುವ ಗೋಪುರವಿದೆ. ಜರ್ಮನಿಯ ಬ್ರೆಮೆನ್ ನಗರದಲ್ಲಿ 146 ಮೀಟರ್ ಎತ್ತರದ ಗೋಪುರವೊಂದು ಊರಿಗೇ ಗುರುತಾಗಿ ನಿಂತಿದೆ. ಅದರ ಒಳಗಿನ ಸುಮಾರು 110 ಮೀಟರ್ ಕೊಳವೆಯಲ್ಲಿ ಬೀಳುವ ಪೆಟ್ಟಿಗೆಗೆ 4.74 ಸೆಕೆಂಡ್ ತೂಕರಹಿತ ಸ್ಥಿತಿ ಸಿಗುತ್ತದೆ. ಪೆಟ್ಟಿಗೆಯನ್ನು ಕೆಳಗಿನಿಂದ ಕವಣೆಕಲ್ಲಿನಂತೆ ಮೇಲಕ್ಕೆ ಚಿಮ್ಮಿಸಿದರೆ ಏರುವಾಗಲೂ ಇಳಿಯುವಾಗಲೂ ಸೇರಿ ಒಂಬತ್ತು ಸೆಕೆಂಡ್ ದಾಟುತ್ತದೆ.

ಬ್ರೆಮೆನ್‌ನವರು ಪ್ರತಿ ಪ್ರಯೋಗಕ್ಕೂ ಮೊದಲು ಕೊಳವೆಯೊಳಗಿನ ಗಾಳಿಯನ್ನು ಪಂಪ್ ಹಾಕಿ ತೆಗೆಯುತ್ತಾರೆ. ಕಾರಣ ನಮ್ಮ ಕಾಯಿಯಲ್ಲೇ ಇದೆ. ಮರದಿಂದ ಬೀಳುವ ಕಾಯಿಗೆ ಗಾಳಿ ಅಡ್ಡ ಬರುತ್ತದೆ; ವೇಗ ಹೆಚ್ಚಿದಂತೆ ತಡೆಯೂ ಹೆಚ್ಚುತ್ತದೆ. ಅಷ್ಟರಮಟ್ಟಿಗೆ ಒಳಗಿನ ನೀರಿಗೆ ತೂಕ ಮರಳಿ ಬರುತ್ತದೆ. ಕಾಯಿ ಉರುಳುತ್ತಾ ಬೀಳುವುದರಿಂದ ನೀರು ಗೋಡೆಯ ಕಡೆಗೂ ಎಸೆಯಲ್ಪಡುತ್ತದೆ. ತೋಟದ ಎರಡು ಸೆಕೆಂಡ್ ಒರಟು. ಬ್ರೆಮೆನ್‌ನ ಐದು ಸೆಕೆಂಡ್ ನಯ.

ಗುಳ್ಳೆಗೂ ಒಂದು ತೊಟ್ಟು

ಈಗ ಗುಳ್ಳೆಯ ಹುಟ್ಟಿಗೆ ಬರೋಣ. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಮೆಲ್ಲಗೆ ಊದಿ. ಸ್ಟ್ರಾ ತುದಿಯಲ್ಲಿ ಗುಳ್ಳೆ ಉಬ್ಬುತ್ತದೆ, ಉಬ್ಬುತ್ತದೆ, ಒಂದು ಹಂತದಲ್ಲಿ ಕಳಚಿಕೊಂಡು ಮೇಲೇರುತ್ತದೆ. ಮುಂದಿನದೂ ಹೆಚ್ಚು ಕಡಿಮೆ ಅಷ್ಟೇ ದಪ್ಪ ಬೆಳೆದು ಕಳಚುತ್ತದೆ.

ಇದು ಕಾಯಿ ಉದುರುವ ಲೆಕ್ಕವೇ. ಬಲಿತ ಕಾಯಿಯನ್ನು ತೊಟ್ಟು ಹಿಡಿದಿರುತ್ತದೆ, ತೂಕ ಎಳೆಯುತ್ತಿರುತ್ತದೆ. ತೊಟ್ಟಿನ ಶಕ್ತಿಯನ್ನು ತೂಕ ಮೀರಿದ ದಿನ ಕಾಯಿ ಬೀಳುತ್ತದೆ. ಗುಳ್ಳೆಗೂ ಹಾಗೊಂದು ತೊಟ್ಟಿದೆ. ನೀರಿನ ಮೈ ಎಳೆದು ಕಟ್ಟಿದ ತೆಳು ಪೊರೆಯಂತೆ ವರ್ತಿಸುತ್ತದೆ. ಇದನ್ನು ಮೇಲ್ಮೈ ಎಳೆತ ಎನ್ನುತ್ತೇವೆ. ಸ್ಟ್ರಾದ ಬಾಯಂಚಿನ ಸುತ್ತ ಈ ಎಳೆತವೇ ಗುಳ್ಳೆಯನ್ನು ಹಿಡಿದುಕೊಂಡಿರುತ್ತದೆ. ಬಿಡಿಸಲು ನೋಡುವುದು ಸುತ್ತಲಿನ ನೀರಿನ ತೂಕ. ಭಾರದ ನೀರು ಕೆಳಕ್ಕಿಳಿಯಲು ಒತ್ತುತ್ತದೆ, ಹಗುರ ಗಾಳಿ ಮೇಲಕ್ಕೆ ನೂಕಲ್ಪಡುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಈ ನೂಕು ಬಲ ಹೆಚ್ಚುತ್ತದೆ, ತೊಟ್ಟಿನ ಹಿಡಿತ ಮಾತ್ರ ಅಷ್ಟೇ ಇರುತ್ತದೆ. ನೂಕು ಹಿಡಿತವನ್ನು ಮೀರಿದಾಗ ಗುಳ್ಳೆ ಕಳಚುತ್ತದೆ. ಒಂದೇ ತೂತಿನಿಂದ ಮೆಲ್ಲಗೆ ಬರುವ ಗುಳ್ಳೆಗಳೆಲ್ಲ ಒಂದೇ ಅಳತೆಯವಾಗಿರುವುದು ಇದಕ್ಕೇ: ತೂಕ ಪ್ರತಿ ಸಲವೂ ಒಂದೇ ತೀರ್ಪು ಕೊಡುತ್ತದೆ.

ಲೆಕ್ಕ ಹಾಕಿದರೆ, ನೀರಿನೊಳಗೆ 1 ಮಿಲಿಮೀಟರ್ ತೂತಿನಿಂದ ಮೆಲ್ಲಗೆ ಹೊರಡುವ ಗಾಳಿ ಗುಳ್ಳೆಯ ವ್ಯಾಸ ಸುಮಾರು 3.5 ಮಿಲಿಮೀಟರ್. ಇನ್ನೂ ಸಣ್ಣ ಗುಳ್ಳೆ ಬೇಕೆಂದು ತೂತನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದೆವು ಎನ್ನಿ. ಗುಳ್ಳೆ ಹತ್ತನೆಯ ಒಂದು ಪಾಲಾಗುವುದಿಲ್ಲ, 1.6 ಮಿಲಿಮೀಟರ್‌ಗೆ ಬಂದು ನಿಲ್ಲುತ್ತದೆ. ತೂತು ಕಿರಿದು ಮಾಡುವುದರಿಂದ ನಮಗೆ ದಕ್ಕುವ ಲಾಭ ತೀರಾ ಕಡಿಮೆ. ನೆಲದ ಮೇಲೂ ತೂಕವನ್ನೇ ನೆಚ್ಚಿಕೊಂಡರೆ ಬಹಳ ಸಣ್ಣ ಗುಳ್ಳೆ ಸಿಗದು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಇದೇ 1 ಮಿಲಿಮೀಟರ್ ತೂತನ್ನು ಬಾಹ್ಯಾಕಾಶಕ್ಕೆ ಒಯ್ಯೋಣ. ನಿಲ್ದಾಣದಲ್ಲೂ ಸಣ್ಣಪುಟ್ಟ ಅಲುಗಾಟಗಳಿರುತ್ತವೆ. ತೂಕ ಭೂಮಿಯದರ ಹತ್ತು ಲಕ್ಷದ ಒಂದು ಪಾಲು ಉಳಿದಿದೆ ಎಂದಿಟ್ಟುಕೊಂಡರೆ, ಗುಳ್ಳೆ ತಾನಾಗಿ ಕಳಚಬೇಕಾದರೆ 35 ಸೆಂಟಿಮೀಟರ್ ಬೆಳೆಯಬೇಕು. ಸೂಜಿಮೊನೆಯಷ್ಟು ತೂತಿನಲ್ಲಿ ಸಿಪ್ಪೆಸಹಿತ ತೆಂಗಿನಕಾಯಿಗಿಂತ ದೊಡ್ಡ ಗುಳ್ಳೆ! ಅಷ್ಟರೊಳಗೆ ಅದು ಪಾತ್ರೆಯ ಗೋಡೆಗೆ ತಾಗಿ, ಪಕ್ಕದ ಗುಳ್ಳೆಗಳನ್ನು ನುಂಗಿ, ಒಂದೇ ಗಾಳಿಯ ಮುದ್ದೆಯಾಗಿರುತ್ತದೆ. ತೊಟ್ಟು ಇದೆ, ತೂಕ ಇಲ್ಲ. ಹಾಗಾಗಿ ಗುಳ್ಳೆ ಹಣ್ಣಾದರೂ ಉದುರುವುದಿಲ್ಲ.

ಮೇಲೇರದ ಗುಳ್ಳೆಗಳ ಕಾಟ

1969ರ ಜುಲೈನಲ್ಲಿ ಚಂದ್ರನತ್ತ ಹೊರಟ ಅಪೊಲೊ 11ರ ಯಾನಿಗಳು ಕುಡಿಯುತ್ತಿದ್ದ ನೀರು ನೌಕೆಯ ಇಂಧನ ಕೋಶಗಳಲ್ಲೇ ತಯಾರಾಗುತ್ತಿತ್ತು. ಅದರಲ್ಲಿ ಹೈಡ್ರೋಜನ್ ಗುಳ್ಳೆಗಳು ಸೇರಿಕೊಂಡಿದ್ದವು. ನೆಲದ ಮೇಲಾದರೆ ಲೋಟ ಒಂದು ಗಳಿಗೆ ಇಟ್ಟರೆ ಗುಳ್ಳೆ ಮೇಲೇರಿ ಒಡೆದುಹೋಗುತ್ತದೆ. ಅಲ್ಲಿ ಗುಳ್ಳೆ ನೀರಿನ ಜೊತೆಗೇ ಹೊಟ್ಟೆ ಸೇರಿತು. ಗುಳ್ಳೆ ಬೇರ್ಪಡಿಸುವ ಸಾಧನ ಕೊಟ್ಟಿದ್ದರೂ ಹೊಟ್ಟೆಯುಬ್ಬರದ ತೊಂದರೆ ತಪ್ಪಲಿಲ್ಲ. ತೂಕವಿಲ್ಲದ ಕಡೆ ಹೊಟ್ಟೆಯೊಳಗೂ ಗಾಳಿ ಮೇಲಕ್ಕೆ, ಅನ್ನ ಕೆಳಕ್ಕೆ ಎಂದು ಬೇರೆಯಾಗುವುದಿಲ್ಲ. ತೇಗಿದರೆ ತಿಂದದ್ದೂ ಜೊತೆಗೆ ಬರಬಹುದು. 1985ರಲ್ಲಿ ಚಾಲೆಂಜರ್ ನೌಕೆಯಲ್ಲಿ ಸೋಡಾ ಪಾನೀಯದ ವಿಶೇಷ ಡಬ್ಬಗಳನ್ನು ಒಯ್ದು ಪರೀಕ್ಷಿಸಿದಾಗಲೂ ನೊರೆಯೇ ಸಮಸ್ಯೆಯಾಯಿತು.

2003ರಲ್ಲಿ ನಿಲ್ದಾಣದಲ್ಲಿದ್ದ ಗಗನಯಾನಿ ಡಾನ್ ಪೆಟಿಟ್ ತೇಲುವ ನೀರಿನ ಉಂಡೆಯೊಳಗೆ ನೊರೆ ಬರುವ ಮಾತ್ರೆಯೊಂದನ್ನು ಸೇರಿಸಿ ವಿಡಿಯೊ ಮಾಡಿದರು. ನಮ್ಮಲ್ಲಿ ಲೋಟಕ್ಕೆ ಇನೋ ಹಾಕಿದರೆ ಬುಸ್ಸೆಂದು ಮೇಲೇರುವ ಗುಳ್ಳೆಗಳು ಅಲ್ಲಿ ಮಾತ್ರೆಯ ಸುತ್ತಲೇ ಗುಂಪುಗಟ್ಟಿ, ಒಂದರೊಳಗೊಂದು ಸೇರಿ, ಉಂಡೆಯೊಳಗೇ ಉಳಿದವು. 2025ರ ಜೂನ್ 25ರಂದು ಹೊರಟು ನಿಲ್ದಾಣದಲ್ಲಿ 18 ದಿನ ಕಳೆದ ನಮ್ಮ ಶುಭಾಂಶು ಶುಕ್ಲಾ ಅವರು, ಜೊತೆಯ ಯಾನಿ ಪೆಗ್ಗಿ ವಿಟ್ಸನ್ ಜೊತೆ ಅಂಥದೇ ನೀರಿನ ಉಂಡೆಯನ್ನು ತೇಲಿಸಿ ತೋರಿಸಿದ್ದನ್ನು ಊರೂರಿನ ಮಕ್ಕಳು ಮೊಬೈಲ್‌ನಲ್ಲಿ ನೋಡಿದ್ದಾರೆ.

ಶುಕ್ಲಾ ಅವರ ಕೈಯಲ್ಲಿದ್ದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಕಳಿಸಿದ್ದ ಹೆಸರುಕಾಳು, ಮೆಂತ್ಯದ ಕಾಳು ನಿಲ್ದಾಣದಲ್ಲಿ ಮೊಳಕೆಯೊಡೆದವು. ಅದಕ್ಕೂ ಮುಂಚೆ, 2025ರ ಜನವರಿಯಲ್ಲಿ, ಪಿಎಸ್‌ಎಲ್‌ವಿ ರಾಕೆಟ್‌ನ ಕೊನೆಯ ಹಂತದಲ್ಲಿ ಇಸ್ರೊ ಇಟ್ಟಿದ್ದ ಎಂಟು ಅಲಸಂದೆ ಬೀಜಗಳು ನಾಲ್ಕು ದಿನಗಳಲ್ಲಿ ಚಿಗುರಿದ್ದವು. ಮೊಳಕೆಯಿಂದ ಗಿಡಕ್ಕೆ ಹೋಗಬೇಕಾದರೆ ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕು. ಬುಡದಲ್ಲಿ ನೀರು ನಿಂತ ತೆಂಗು ಹೇಗೆ ಸೊರಗುತ್ತದೆ ಎಂದು ತೋಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಹೆಚ್ಚಾದ ನೀರು ಬಸಿದು ಗಾಳಿಗೆ ದಾರಿ ಬಿಡುತ್ತದೆ. ಅಲ್ಲಿ ನೀರು ಬೇರನ್ನು ಅಂಟಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಆ ನೀರಿನೊಳಗೆ ಸಣ್ಣ ಗುಳ್ಳೆಗಳನ್ನು ಸಮನಾಗಿ ಹಂಚುವುದು ಬೇರಿಗೆ ಉಸಿರು ಕೊಡುವ ಒಂದು ದಾರಿ.

ಹಾಸನದಿಂದ ಕಾಣುವ ಕಾಯಿ

ಗುಳ್ಳೆ ಶತ್ರುವಾಗುವ ಕಡೆಯೂ ಉಂಟು. ತಿಪಟೂರಿನಿಂದ ಅರಸೀಕೆರೆ ದಾಟಿ ಹೋದರೆ ಹಾಸನ. ಅಲ್ಲಿ 1982ರಿಂದ ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರವಿದೆ. 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್‌ಸ್ಯಾಟ್, ಜಿಸ್ಯಾಟ್ ಉಪಗ್ರಹಗಳ ಎಂಜಿನ್ ಹೊತ್ತಿಸುವ, ಆರಿಸುವ ಆಜ್ಞೆಗಳು ಹೋಗುವುದು ಅಲ್ಲಿಂದ. ಉಪಗ್ರಹಗಳ ಎಂಜಿನ್ ವ್ಯವಸ್ಥೆಯನ್ನು ರೂಪಿಸುವುದು ಬೆಂಗಳೂರಿನಲ್ಲೂ ನೆಲೆಯಿರುವ ದ್ರವ ನೋದನ ವ್ಯವಸ್ಥೆಗಳ ಕೇಂದ್ರ.

ಉಪಗ್ರಹದ ಇಂಧನದ ಟ್ಯಾಂಕ್ ಎಂದರೆ ಟೈಟಾನಿಯಂ ಚಿಪ್ಪಿನ ತೆಂಗಿನಕಾಯಿ. ಒಳಗೆ ದ್ರವ ಇಂಧನ, ಅದನ್ನು ಒತ್ತಲು ಹೀಲಿಯಂ ಅನಿಲ. ತೂಕವಿಲ್ಲದ ಕಡೆ ದ್ರವ ಒಳಗೋಡೆಯನ್ನು ಅಪ್ಪಿಕೊಳ್ಳುತ್ತದೆ, ಅನಿಲ ನಡುವೆ ಗುಳ್ಳೆಯಾಗಿ ತೇಲುತ್ತದೆ. ಎಂಜಿನ್‌ಗೆ ಹೋಗುವ ಕೊಳವೆಯೊಳಗೆ ಆ ಗುಳ್ಳೆ ನುಗ್ಗಿದರೆ ಏನಾಗುತ್ತದೆ ಎಂಬುದು ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರು ಗಾಳಿ ಎಳೆಯುವುದನ್ನು ಕಂಡವರಿಗೆ ಗೊತ್ತು: ಧಾರೆ ತುಂಡಾಗುತ್ತದೆ, ಕೊಳವೆ ಬುಸುಗುಡುತ್ತದೆ. ಉಪಗ್ರಹದಲ್ಲಿ ಅದು ನೂಕುಬಲದ ಏರುಪೇರು.

ಇದನ್ನು ತಡೆಯಲು ಟ್ಯಾಂಕಿನೊಳಗೆ ತೆಳು ಲೋಹದ ರೆಕ್ಕೆಗಳನ್ನೂ ಅತಿ ಸಣ್ಣ ಕಣ್ಣಿನ ಜಾಲರಿಯನ್ನೂ ಇಡುತ್ತಾರೆ. ರೆಕ್ಕೆಗಳ ಸಂದಿಯಲ್ಲಿ ದ್ರವ ತಾನಾಗಿ ಹರಿದು ಕೊಳವೆಯ ಬಾಯಿಗೆ ಬರುತ್ತದೆ. ಒದ್ದೆ ಜಾಲರಿ ದ್ರವವನ್ನು ಬಿಡುತ್ತದೆ, ಅನಿಲವನ್ನು ತಡೆಯುತ್ತದೆ. ಕೆರೆಯಲ್ಲಿ ಈಜು ಕಲಿಯುವ ಹುಡುಗರು ಒದ್ದೆ ಪಂಚೆಯನ್ನು ಬೀಸಿ, ಗಾಳಿ ತುಂಬಿ, ಬಾಯಿ ಬಿಗಿಹಿಡಿದು ಬಲೂನಿನಂತೆ ತೇಲುವುದು ಇದೇ ನಿಯಮದಿಂದ. ಒಣ ಪಂಚೆಯಿಂದ ಗಾಳಿ ಸೋರುತ್ತದೆ. ಒದ್ದೆಯಾದರೆ ಎಳೆಗಳ ನಡುವಿನ ಪ್ರತಿ ಕಣ್ಣಿಗೂ ನೀರಿನ ಪೊರೆ ಕಟ್ಟಿ ಗಾಳಿಯನ್ನು ಹಿಡಿದಿಡುತ್ತದೆ.

ಉಪಗ್ರಹದಲ್ಲಿ ಇಂಧನ ಎಷ್ಟು ಉಳಿದಿದೆ ಎಂದು ತಿಳಿಯುವುದೂ ಕಷ್ಟವೇ. ತೊಟ್ಟಿಗೆ ಕೋಲು ಇಳಿಸಿದಂತೆ ಅಳೆಯಲಾಗದು, ದ್ರವಕ್ಕೆ ಅಲ್ಲಿ ಮಟ್ಟವೇ ಇಲ್ಲ. ಇದುವರೆಗೆ ಸುಟ್ಟ ಇಂಧನದ ಲೆಕ್ಕದಿಂದ, ಅನಿಲದ ಒತ್ತಡ ಮತ್ತು ಉಷ್ಣಾಂಶದಿಂದ ಗುಳ್ಳೆ ಎಷ್ಟು ದೊಡ್ಡದೆಂದು ಲೆಕ್ಕ ಕಟ್ಟಿ, ಉಳಿದದ್ದು ಇಂಧನ ಎಂದು ತಿಳಿಯುತ್ತಾರೆ. ಕಾಯಿ ಅಲ್ಲಾಡಿಸಿ ಸದ್ದಿನಿಂದಲೇ ನೀರಿನ ಅಂದಾಜು ಹೇಳುವ ಮಂಡಿಯವರ ಜಾಣ್ಮೆಗೂ ಇದಕ್ಕೂ ನಂಟಿದೆ. ಇಬ್ಬರೂ ಒಡೆಯದೆ ಒಳಗಿನ ಗಾಳಿಯನ್ನು ಅಳೆಯುವವರು.

ಸಣ್ಣದೇಕೆ, ಸಮನೇಕೆ?

ಒಂದು ಲೀಟರ್ ಗಾಳಿಯನ್ನು 3.5 ಮಿಲಿಮೀಟರ್ ಗುಳ್ಳೆಗಳಾಗಿ ಒಡೆದರೆ ಅವೆಲ್ಲದರ ಮೈ ಸೇರಿ ಸುಮಾರು 1.7 ಚದರ ಮೀಟರ್ ಆಗುತ್ತದೆ. ಅದೇ ಗಾಳಿಯನ್ನು 0.1 ಮಿಲಿಮೀಟರ್ ಗುಳ್ಳೆಗಳಾಗಿ ಒಡೆದರೆ 60 ಚದರ ಮೀಟರ್. ಗಾಳಿಯಿಂದ ಆಮ್ಲಜನಕ ನೀರಿಗೆ ದಾಟುವುದು ಈ ಮೈಯ ಮೂಲಕವೇ. ಮೀನಿನ ತೊಟ್ಟಿಯಿರಲಿ, ಔಷಧದ ಸೂಕ್ಷ್ಮಜೀವಿ ಬೆಳೆಸುವ ಪಾತ್ರೆಯಿರಲಿ, ಬಾಹ್ಯಾಕಾಶದ ಗಿಡದ ಬೇರಿರಲಿ, ಗುಳ್ಳೆ ಸಣ್ಣದಾದಷ್ಟೂ ಉಸಿರು ಹೆಚ್ಚು.

ಸಮವಾಗಿರಬೇಕಾದ್ದು ಇನ್ನೊಂದು ಕಾರಣಕ್ಕೆ. ಗುಳ್ಳೆ ಸಣ್ಣದಾದಷ್ಟೂ ಅದರ ಪೊರೆ ಒಳಗಿನ ಗಾಳಿಯನ್ನು ಬಿಗಿಯಾಗಿ ಹಿಂಡುತ್ತದೆ. ವ್ಯಾಸ ಹತ್ತನೆಯ ಒಂದು ಪಾಲಾದರೆ ಈ ಹಿಂಡುವ ಒತ್ತಡ ಹತ್ತು ಪಟ್ಟು. ಚಿಕ್ಕದೂ ದೊಡ್ಡದೂ ಅಕ್ಕಪಕ್ಕ ಇದ್ದರೆ ಚಿಕ್ಕದರ ಗಾಳಿ ನೀರಿಗೆ ಕರಗಿ ದೊಡ್ಡದನ್ನು ಸೇರುತ್ತದೆ. ಚಿಕ್ಕದು ಸವೆಯುತ್ತದೆ, ದೊಡ್ಡದು ಕೊಬ್ಬುತ್ತದೆ. ಎಲ್ಲವೂ ಒಂದೇ ಅಳತೆಯವಾಗಿದ್ದರೆ ಒಂದರ ಗಾಳಿ ಇನ್ನೊಂದಕ್ಕೆ ಹರಿಯಲು ಕಾರಣವೇ ಇರುವುದಿಲ್ಲ; ಗುಂಪು ಹೆಚ್ಚು ಹೊತ್ತು ಬಾಳುತ್ತದೆ. ಪ್ರಯೋಗ ಮಾಡುವವರಿಗೆ ಮತ್ತೊಂದು ಅನುಕೂಲವಿದೆ. ಎಲ್ಲ ಗುಳ್ಳೆಗಳೂ ಸಮನಾಗಿದ್ದರೆ ಒಂದರ ನಡತೆ ತಿಳಿದರೆ ಸಾವಿರದ ಲೆಕ್ಕ ಸಿಕ್ಕಂತೆ.

ಕೊಬ್ಬರಿ ಎಣ್ಣೆಯಲ್ಲಿ ಕಾಣುವ ಬಾಹ್ಯಾಕಾಶ

ತೂಕವಿಲ್ಲದ ಕಡೆ ಇಂಥ ಗುಳ್ಳೆಗಳನ್ನು ಹುಟ್ಟಿಸುವುದು ಹೇಗೆ ಎಂಬ ಪ್ರಶ್ನೆಯ ಉತ್ತರದ ಬೀಜ ಬಿದ್ದದ್ದು ರಾಕೆಟ್‌ಗಳಿಗಿಂತ ಬಹಳ ಹಿಂದೆ. ಬೆಲ್ಜಿಯಂನ ಜೋಸೆಫ್ ಪ್ಲಾಟೊ 19ನೇ ಶತಮಾನದಲ್ಲಿ ಮೇಜಿನ ಮೇಲೆಯೇ ತೂಕವನ್ನು ಮಾಯ ಮಾಡುವ ಉಪಾಯ ಕಂಡುಕೊಂಡರು. ಆಲಿವ್ ಎಣ್ಣೆ ನೀರಿನಲ್ಲಿ ತೇಲುತ್ತದೆ, ಮದ್ಯಸಾರದಲ್ಲಿ ಮುಳುಗುತ್ತದೆ. ನೀರನ್ನೂ ಮದ್ಯಸಾರವನ್ನೂ ಹದವಾಗಿ ಬೆರೆಸಿದರೆ ಎಣ್ಣೆ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ನಡುವೆ ದುಂಡು ಉಂಡೆಯಾಗಿ ನಿಲ್ಲುತ್ತದೆ. ಪ್ಲಾಟೊ ಅವರ ಕಣ್ಣು ನಡುವಯಸ್ಸಿಗೇ ಪೂರ್ತಿ ಹೋಯಿತು. ಆಮೇಲೂ ಮನೆಯವರ, ಸಂಗಡಿಗರ ಕಣ್ಣಿನಿಂದ ನೋಡಿಸಿಕೊಂಡು ದಶಕಗಳ ಕಾಲ ಈ ಪ್ರಯೋಗಗಳನ್ನು ಮುಂದುವರಿಸಿ, 1873ರಲ್ಲಿ ಎಲ್ಲವನ್ನೂ ಗ್ರಂಥವಾಗಿ ತಂದರು. ತಾನು ಕಾಣಲಾರದ ಗುಳ್ಳೆ, ಪೊರೆಗಳ ಆಕಾರವನ್ನು ಲೋಕಕ್ಕೆ ಕಾಣಿಸಿದ ಬದುಕು ಅದು.

ನಮ್ಮ ಮನೆಗಳಲ್ಲಿ ಆಲಿವ್ ಎಣ್ಣೆ ಬೇಕಿಲ್ಲ, ಕೊಬ್ಬರಿ ಎಣ್ಣೆ ಇದೆ. ಅದರ ಸಾಂದ್ರತೆ ನೀರಿನದರ ಸುಮಾರು ನೂರಕ್ಕೆ 92. ಗಾಜಿನ ಲೋಟದಲ್ಲಿ ನೀರು ಮತ್ತು ಮೆಡಿಕಲ್ ಅಂಗಡಿಯ ಸ್ಪಿರಿಟ್ ಬೆರೆಸುತ್ತಾ, ಸಿರಿಂಜಿನಿಂದ ಎಣ್ಣೆಯ ಹನಿ ಬಿಡುತ್ತಾ ಹದ ಹುಡುಕಬಹುದು. ದೊಡ್ಡವರು ಹತ್ತಿರವಿರಬೇಕು, ಬೆಂಕಿ ಹತ್ತಿರ ಇರಬಾರದು. ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಮಾಗಿಯ ಚಳಿಗಿಂತ ಬೇಸಿಗೆಯ ಮಧ್ಯಾಹ್ನ ವಾಸಿ. ಹದ ಸಿಕ್ಕ ಕ್ಷಣ ನಿಮ್ಮೆದುರು ತೇಲುವುದು ಬಾಹ್ಯಾಕಾಶದ ಒಂದು ತುಣುಕು.

ಪ್ಲಾಟೊ ಕಂಡುಕೊಂಡ ಒಂದು ನಿಯಮ ನಮ್ಮ ಕಥೆಗೆ ಮುಖ್ಯ. ದ್ರವದ ದಾರವೊಂದು ತನ್ನ ವ್ಯಾಸದ ಸುಮಾರು 3.14 ಪಟ್ಟಿಗಿಂತ ಉದ್ದ ಎಳೆದರೆ ಅದು ದಾರವಾಗಿ ಉಳಿಯಲಾರದು. ಅಲ್ಲಲ್ಲಿ ಸೊರಗಿ, ಅಲ್ಲಲ್ಲಿ ಉಬ್ಬಿ, ಹನಿಗಳಾಗಿ ತುಂಡಾಗುತ್ತದೆ. ನಲ್ಲಿಯನ್ನು ಸಣ್ಣಗೆ ತಿರುಗಿಸಿದಾಗ ಧಾರೆ ಕೆಳಗಡೆ ಮಣಿಸರದಂತಾಗುವುದು ಹೀಗೆಯೇ. ನೀರಿನೊಳಗಿನ ಗಾಳಿಯ ದಾರವೂ ಹಾಗೆಯೇ ಗುಳ್ಳೆಗಳಾಗಿ ತುಂಡಾಗುತ್ತದೆ. ಇದಕ್ಕೆ ತೂಕ ಬೇಕಿಲ್ಲ. ಗುಳ್ಳೆಯನ್ನು ಹಿಡಿದಿಡುವ ಮೇಲ್ಮೈ ಎಳೆತವೇ ಅದನ್ನು ಕತ್ತರಿಸಬಲ್ಲದು ಕೂಡ. ಅದಕ್ಕೆ ತಕ್ಕ ಸನ್ನಿವೇಶ ಒದಗಿಸಬೇಕು, ಅಷ್ಟೆ.

ನೀರೇ ಕತ್ತರಿ

ಆ ಸನ್ನಿವೇಶ ಬಹಳ ಸರಳ: ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಕೂಡುವ ಎರಡು ಕಿರುಕೊಳವೆಗಳು. ಒಂದರಲ್ಲಿ ನೀರು ಹರಿಯುತ್ತಿದೆ, ಇನ್ನೊಂದರಿಂದ ಗಾಳಿ ಬರುತ್ತಿದೆ. ಕೂಡುವ ಜಾಗದಲ್ಲಿ ಗಾಳಿಯ ನಾಲಗೆ ನೀರಿನ ದಾರಿಗೆ ಅಡ್ಡ ಚಾಚುತ್ತದೆ. ದಾರಿ ಮುಚ್ಚಿತೆಂದು ಹಿಂದೆ ನೀರಿನ ಒತ್ತಡ ಏರುತ್ತದೆ, ಗಾಳಿಯ ಕುತ್ತಿಗೆಯನ್ನು ಹಿಸುಕುತ್ತದೆ. ಕುತ್ತಿಗೆ ತುಂಡಾಗಿ ಗುಳ್ಳೆ ನೀರಿನ ಜೊತೆ ಹೊರಟುಹೋಗುತ್ತದೆ. ಮತ್ತೆ ನಾಲಗೆ ಚಾಚು, ಮತ್ತೆ ಹಿಸುಕು. ಪ್ರತಿ ಸಲವೂ ಅದೇ ಅಳತೆ. ಗುಳ್ಳೆಯ ಉದ್ದ ನಿಲ್ಲುವುದು ಕೊಳವೆಯ ಅಗಲದ ಮೇಲೆ, ಗಾಳಿ ಮತ್ತು ನೀರಿನ ಹರಿವಿನ ಪ್ರಮಾಣದ ಮೇಲೆ. ದೊಡ್ಡ ಗುಳ್ಳೆ ಬೇಕೆಂದರೆ ಗಾಳಿ ಹೆಚ್ಚಿಸಿ, ಚಿಕ್ಕದು ಬೇಕೆಂದರೆ ನೀರು ಹೆಚ್ಚಿಸಿ.

ಸ್ಪೇನ್‌ನ ಕ್ಯಾಟಲೋನಿಯಾದ ಸಂಶೋಧಕರು ಬ್ರೆಮೆನ್‌ನವರ ಜೊತೆ ಸೇರಿ ಇಂಥ ಕಿರುಕೊಳವೆಯ ಸಾಧನದಿಂದ ತೂಕರಹಿತ ಸ್ಥಿತಿಯಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳ ಧಾರೆಯನ್ನು ಹುಟ್ಟಿಸಿದರು. 2008ರಲ್ಲಿ ಆ ಕೆಲಸ ಪ್ರಕಟವಾಯಿತು. ಅದರ ಸೊಗಸು ಇರುವುದು ಕೊಳವೆಯ ಕಿರಿತನದಲ್ಲಿ. ನೀರಿನ ಮಟ್ಟಿಗೆ 2.7 ಮಿಲಿಮೀಟರ್ ಎಂಬುದು ಒಂದು ಗಡಿ. ಅದಕ್ಕಿಂತ ದೊಡ್ಡ ಆಕಾರಗಳಲ್ಲಿ ತೂಕದ್ದೇ ಮೇಲುಗೈ. ಅದಕ್ಕಿಂತ ಚೆನ್ನಾಗಿ ಸಣ್ಣದಾದ ಆಕಾರಗಳಲ್ಲಿ ಮೇಲ್ಮೈ ಎಳೆತದ್ದು. ಎಲೆಯ ಮೇಲಿನ ಸಣ್ಣ ಇಬ್ಬನಿ ದುಂಡಗಿರುವುದು, ಚೆಲ್ಲಿದ ನೀರು ಚಪ್ಪಟೆಯಾಗಿ ಹರಡುವುದು ಇದೇ ಗಡಿಯ ಎರಡು ಬದಿ. ಕೊಳವೆ ಒಂದು ಮಿಲಿಮೀಟರ್‌ನ ಆಸುಪಾಸಿನಲ್ಲಿದ್ದರೆ ಒಳಗೆ ನಡೆಯುವ ಕತ್ತರಿಸುವ ಕೆಲಸಕ್ಕೆ ಭೂಮಿ ಯಾವುದು, ಆಕಾಶ ಯಾವುದು ಎಂಬ ಭೇದ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಇಲ್ಲಿ ನೆಲದ ಮೇಲೆ ಹದ ಮಾಡಿ ನೋಡಿದ ಸಾಧನವನ್ನು ಭರವಸೆಯಿಂದ ಮೇಲಕ್ಕೆ ಕಳಿಸಬಹುದು.

ದಾರಿ ಇದೊಂದೇ ಅಲ್ಲ. ಸ್ಪೇನ್‌ನ ಸೆವಿಲ್ಲೆಯ ಅಲ್ಫೊನ್ಸೊ ಗನ್ಯಾನ್-ಕಾಲ್ವೊ 1998ರಲ್ಲಿ ಇನ್ನೊಂದು ಉಪಾಯ ಪ್ರಕಟಿಸಿದರು: ಒಂದು ಧಾರೆಯನ್ನು ಸುತ್ತಲಿನ ಹರಿವಿನಿಂದ ಅಪ್ಪಿಸಿ ಸಣ್ಣ ತೂತಿನ ಮೂಲಕ ಎಳೆಯುವುದು. 2001ರಲ್ಲಿ ಅದೇ ಉಪಾಯದಿಂದ ಗಾಳಿಯ ಧಾರೆಯನ್ನು ನೀರಿನಿಂದ ಸುತ್ತುವರಿಸಿ ಎಳೆದಾಗ, ಅದು ಕೂದಲೆಳೆಯಷ್ಟು ತೆಳ್ಳಗಾಗಿ ಸಮ ಗುಳ್ಳೆಗಳಾಗಿ ಒಡೆಯಿತು. ವಿದ್ಯುತ್ ಕ್ಷೇತ್ರದಿಂದ, ಶಬ್ದದ ಅಲೆಯಿಂದ ಗುಳ್ಳೆಯ ತೊಟ್ಟು ಕಳಚುವ ಪ್ರಯತ್ನಗಳೂ ನಡೆದಿವೆ. ನೀರನ್ನು ವಿದ್ಯುತ್ತಿನಿಂದ ಒಡೆದು ಉಸಿರಾಟದ ಆಮ್ಲಜನಕ ಮಾಡುವಾಗ ಗುಳ್ಳೆಗಳು ವಿದ್ಯುದ್ವಾರಕ್ಕೇ ಅಂಟಿಕೊಂಡು ಕೆಲಸ ಕೆಡಿಸುತ್ತವೆ. ಅವನ್ನು ಅಯಸ್ಕಾಂತದ ನೆರವಿನಿಂದ ಬಿಡಿಸುವ ಪ್ರಯೋಗಗಳು ಬ್ರೆಮೆನ್ ಗೋಪುರದಲ್ಲೇ ಯಶಸ್ಸು ಕಂಡಿವೆ.

ಮೊದಲು ನೆನಪಿಟ್ಟುಕೊಳ್ಳಿ ಎಂದ ಮಾತಿಗೆ ಈಗ ಬರೋಣ. ತೂತು ಹತ್ತನೆಯ ಒಂದು ಪಾಲಾದರೂ ಗುಳ್ಳೆ ಅರ್ಧಕ್ಕಷ್ಟೇ ಇಳಿದಿತ್ತು. ತೂಕದ ತೀರ್ಪಿಗೆ ಕಾದರೆ ನೆಲದ ಮೇಲೂ ಸಣ್ಣ ಗುಳ್ಳೆ ಸಿಗದು. ನೀರಿನ ಹರಿವೇ ಕತ್ತರಿಯಾದಾಗ ಮಾತ್ರ ಗುಳ್ಳೆ ಕೊಳವೆಯಷ್ಟೇ ಸಣ್ಣದಾಗುತ್ತದೆ. ತೂಕವಿಲ್ಲದ ಕಡೆಗೆ ಬೇಕಾದ ವಿದ್ಯೆ ತೂಕವಿರುವ ಕಡೆಗೂ ಹೆಚ್ಚಿನದನ್ನು ಕೊಟ್ಟಿದೆ.

ತೋಟದಲ್ಲೊಂದು ಗೋಪುರ

ನಮ್ಮ ಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಕಂಪ್ರೆಸರ್ ಹಾಕಿ ನೀರೆತ್ತುತ್ತಾರೆ. ಕೊಳವೆಯ ತಳಕ್ಕೆ ಗಾಳಿ ಇಳಿಸಿದರೆ ಗುಳ್ಳೆ ಬೆರೆತ ನೀರು ಹಗುರಾಗಿ ಮೇಲೇರುತ್ತದೆ, ತೊಟ್ಟಿಗೆ ಬುಸ್ ಬುಸ್ ಎಂದು ಬೀಳುತ್ತದೆ. ಆ ಏರಿಕೆ ಪೂರ್ತಿ ತೂಕದ ಕೃಪೆ. ಬಾಹ್ಯಾಕಾಶದಲ್ಲಿ ಅದೇ ಕಂಪ್ರೆಸರ್ ಒಂದು ಹನಿಯನ್ನೂ ಎತ್ತಲಾರದು. ಗುಳ್ಳೆ ಮೇಲೇರುವುದನ್ನು ನಾವು ಗಾಳಿಯ ಗುಣ ಎಂದುಕೊಂಡಿದ್ದೇವೆ. ಅದು ನೀರಿನ ತೂಕ ಮಾಡುವ ಕೆಲಸ. ಆ ತೂಕ ಇಲ್ಲವಾದಾಗಲೇ ಅದು ಅಷ್ಟು ದಿನ ಮಾಡುತ್ತಿದ್ದ ಕೆಲಸ ನಮ್ಮ ಕಣ್ಣಿಗೆ ಬೀಳುತ್ತದೆ.

ಇದನ್ನು ನೋಡಲು ಬ್ರೆಮೆನ್‌ಗೆ ಹೋಗಬೇಕಿಲ್ಲ ಎಂಬುದು ನನ್ನ ನಂಬಿಕೆ. ನಮ್ಮ ಶಾಲೆ ಕಾಲೇಜುಗಳ ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆಯಿದೆ. ಡ್ರಿಪ್ ಅಂಗಡಿಯಲ್ಲಿ ಸಿಗುವ ಸಣ್ಣ ಟಿ ಜೋಡಣೆಗೆ ಸಲೈನ್ ಕೊಳವೆ ಸಿಕ್ಕಿಸಿ, ಒಂದು ಕಡೆಯಿಂದ ನೀರು, ಇನ್ನೊಂದು ಕಡೆ ಮೀನಿನ ತೊಟ್ಟಿಯ ಪಂಪಿನಿಂದ ಗಾಳಿ ಬಿಡಿ. ಹರಿವು ಹದಕ್ಕೆ ಬಂದಾಗ ಗುಳ್ಳೆಗಳು ರೈಲಿನ ಬೋಗಿಗಳಂತೆ ಸಾಲಾಗಿ ಹೊರಡುವುದನ್ನು ಮಕ್ಕಳು ಎಣಿಸಲಿ. ಆಮೇಲೆ ಗಟ್ಟಿ ಪೆಟ್ಟಿಗೆಯೊಳಗೆ ಅರ್ಧ ನೀರು ತುಂಬಿ ಭದ್ರವಾಗಿ ಮುಚ್ಚಿದ ಪಾರದರ್ಶಕ ಬಾಟಲಿಯನ್ನೂ ನಿಧಾನಗತಿಯಲ್ಲಿ ಚಿತ್ರ ತೆಗೆಯುವ ಮೊಬೈಲನ್ನೂ ಕಟ್ಟಿಡಿ. ಐದು ಮೀಟರ್ ಎತ್ತರದಿಂದ ಬಿಟ್ಟರೆ ಒಂದು ಸೆಕೆಂಡ್ ಸಿಗುತ್ತದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್‌ಗೆ ಅದು 240 ಚಿತ್ರಗಳ ಬಾಹ್ಯಾಕಾಶ ಯಾನ.

ಬ್ರೆಮೆನ್ ಗೋಪುರದ ಬುಡದಲ್ಲಿ ಬೀಳುವ ಪೆಟ್ಟಿಗೆಯನ್ನು ಹಿಡಿಯಲು ಎಂಟು ಮೀಟರ್ ಆಳದ ತೊಟ್ಟಿಯ ತುಂಬ ಪಾಲಿಸ್ಟೈರೀನ್ ಗುಂಡುಗಳನ್ನು ಹಾಕಿರುತ್ತಾರೆ. ನಮ್ಮಲ್ಲಿ ಅದಕ್ಕೂ ಕೊರತೆಯಿಲ್ಲ. ನಾರು ಬಿಡಿಸುವ ಪ್ರತಿ ಘಟಕದ ಹಿಂದೆ ಗುಡ್ಡದಂತೆ ಬಿದ್ದಿರುವ ತೆಂಗಿನ ನಾರಿನ ಪುಡಿಯನ್ನು ಎದೆಮಟ್ಟ ರಾಶಿ ಹಾಕಿದರೆ ಸಾಕು. ಪೆಟ್ಟಿಗೆ ಅದರಲ್ಲಿ ಮೆತ್ತಗೆ ಹೂತುಕೊಳ್ಳುತ್ತದೆ. ಪುಡಿ ಕೊಡವಿ ಮೊಬೈಲ್ ಹೊರತೆಗೆದು ವಿಡಿಯೊ ಓಡಿಸಿದಾಗ, ಬಾಟಲಿಯ ಮೇಲ್ಭಾಗಕ್ಕೆ ಅಂಟಿಕೊಂಡಿದ್ದ ಗಾಳಿ ಅಂಚು ಬಾಗಿಸಿಕೊಂಡು, ದುಂಡಗಾಗಲು ಹೊರಟಿರುವುದು ಕಾಣುತ್ತದೆ. ಹೊರಗೆ ತೋಟದಲ್ಲಿ ಅದೇ ಹೊತ್ತಿಗೆ ಇನ್ನೊಂದು ಕಾಯಿ ತೊಟ್ಟು ಕಳಚಿರುತ್ತದೆ.